ಕುರ್ಚಿ ಎಣಿಸಲು ಹೋದ ಕ್ವಾಜೊ

ಕ್ವಾಜೊ ಅಪೆಂಟೆಂಗನಲ್ಲಿ ಇದ್ದದ್ದು ಒಂದೇ ದೋಷ. ಯಾರಾದರೂ ಅವನ ಮುಖ ನೋಡಿ ಮಾತಾಡಿದರೆ ಅವನ ತಲೆ ತಾನಾಗಿಯೇ ‘ಹೂಂ’ ಎಂದು ಆಡಿಬಿಡುತ್ತಿತ್ತು. ಮಾತು ಕಿವಿಯಿಂದ ಹೊರಟು, ಮಿದುಳು ಮುಟ್ಟಿ, ಅಲ್ಲಿ ಒಂದು ಗಳಿಗೆ ಕೂತು ಸುಧಾರಿಸಿಕೊಂಡು, ಅರ್ಥವಾಗುವಷ್ಟರಲ್ಲಿ ತಲೆ ಒಪ್ಪಿಗೆ ಕೊಟ್ಟಾಗಿರುತ್ತಿತ್ತು. ಹೀಗೆ ಒಪ್ಪಿಯೇ ಅವನು ಚರ್ಚಿನ ಹಾಡುಗಾರರ ತಂಡ ಸೇರಿದ್ದ. ಅವನಿಗೂ ರಾಗಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಹೀಗೆ ಒಪ್ಪಿಯೇ ಕುಮಾಸಿಯ ಕಾಲೇಜಿನಲ್ಲಿ ವಾಸ್ತುಶಿಲ್ಪ ಓದಲು ಬಂದದ್ದು ಎಂದು ಅವನ ತಾಯಿ ತಿವಾ ಊರೆಲ್ಲ ಹೇಳುತ್ತಿದ್ದಳು. ಅರ್ಜಿ ತೆಗೆದುಕೊಳ್ಳುವ ಗುಮಾಸ್ತ ಕಿಟಕಿಯಿಂದ ಕತ್ತು ಹೊರಹಾಕಿ “ಆರ್ಕಿಟೆಕ್ಚರಾ?” ಎಂದು ಕೇಳಿದನಂತೆ. ಅಗ್ರಿಕಲ್ಚರ್ ಎನ್ನಲು ಹೋಗಿದ್ದ ಮಗ ತಲೆ ಆಡಿಸಿದನಂತೆ.

ಏನೇ ಇರಲಿ, ಮೂರನೆಯ ವರ್ಷದವರೆಗೆ ಅವನು ತೇಲುತ್ತ ಬಂದ. ಆಮೇಲೆ ಪ್ರೊಫೆಸರ್ ಅಡ್ಡಾಯಿ ಅವನ ದಾರಿಗೆ ಅಡ್ಡ ಬಂದರು.

ಅಡ್ಡಾಯಿಯವರ ಪಾಠ ಸರಳ. ಕಟ್ಟಡಕ್ಕೆ ಒಂದು ಗೆರೆ ಎಳೆಯುವ ಮೊದಲು ಅಲ್ಲಿಗೆ ಯಾರು ಬರುತ್ತಾರೆ, ಏನು ಮಾಡುತ್ತಾರೆ, ಯಾವುದಕ್ಕೆ ಎಷ್ಟು ಜಾಗ, ಯಾವುದರ ಪಕ್ಕ ಯಾವುದು ಎಂದು ವಿಚಾರಿಸಿಕೊಂಡು ಬರಬೇಕು. ಇದಕ್ಕೆ ಪ್ರೋಗ್ರಾಂ ಎಂದು ಹೆಸರು. ಒಲೆ ಹಚ್ಚುವ ಮುಂಚೆ ಊಟಕ್ಕೆ ಎಷ್ಟು ಜನ ಎಂದು ಕೇಳಿದ ಹಾಗೆ. ವಿಚಾರಿಸಿದ್ದನ್ನು ದೊಡ್ಡ ಹಾಳೆಗಳಲ್ಲಿ ಬಿಡಿಸಿ, ಗೋಡೆಗೆ ಅಂಟಿಸಿ, ಅಧ್ಯಾಪಕರ ಮುಂದೆ ನಿಂತು ಒಪ್ಪಿಸಬೇಕು. ಅವರು ತಪ್ಪು ಒಪ್ಪು ಹೇಳುತ್ತಾರೆ. ಬೇರೆ ಅಧ್ಯಾಪಕರು ತಪ್ಪು ಒಪ್ಪು ಎರಡನ್ನೂ ಹೇಳುತ್ತಿದ್ದರು. ಅಡ್ಡಾಯಿಯವರು ಅರ್ಧ ಮಾತ್ರ ಹೇಳುತ್ತಿದ್ದರು.

ಕ್ವಾಜೊನಿಗೂ ಅವನ ಜೊತೆಗಾತಿ ಎಸಿ ಕ್ವಾನ್ಸಾಳಿಗೂ ಸಿಕ್ಕಿದ್ದು ಶೋಕಮಂಟಪ. ಊರಿನವರು ಸತ್ತವರ ಸಂಸ್ಕಾರಕ್ಕೆ ಸೇರುವ ಸಭಾಭವನ. ಎಸಿ ಕೇಪ್ ಕೋಸ್ಟಿನ ಹುಡುಗಿ, ನಾಲಿಗೆ ಚೂಪು, ಕೈ ಚುರುಕು. ನಕ್ಷೆ ನಾನು ನೋಡಿಕೊಳ್ಳುತ್ತೇನೆ, ಮಾಹಿತಿ ನೀನು ತಾ ಎಂದಿದ್ದಳು. ಕ್ವಾಜೊ ಇಂಟರ್ನೆಟ್ಟಿನಿಂದ ಒಂದು ಶೋಕಮಂಟಪದ ಪೂರ್ತಿ ವಿವರವನ್ನು ಎತ್ತಿ ತಂದ. ಅದು ಕೆನಡಾದ್ದು.

“ಅಪೆಂಟೆಂಗ್,” ಎಂದರು ಅಡ್ಡಾಯಿ, ಮೊದಲ ಸಲ ಒಪ್ಪಿಸುವ ದಿನ, ಕನ್ನಡಕ ತೆಗೆದು ಒರೆಸುತ್ತ. “ಕುಮಾಸಿಯಲ್ಲಿ ಕೊನೇ ಸಲ ಹಿಮ ಬಿದ್ದದ್ದು ಯಾವಾಗಪ್ಪ?”

ಕ್ವಾಜೊ ಯೋಚಿಸಿದ.

“ಯೋಚನೆ ಬೇರೆ ಮಾಡ್ತಾನೆ ನೋಡಿ! ಮತ್ತೆ ಇಲ್ಲಿ ಹಿಮ ಗುಡಿಸೋ ಸಲಿಕೆಗಳಿಗೆ ಅಂತ ಒಂದು ಕೋಣೆ ಇಟ್ಟಿದ್ದೀಯಲ್ಲ, ಯಾರು ಗುಡಿಸ್ತಾರೆ? ಸತ್ತವರಾ? ಇನ್ನೊಂದು ಅವಕಾಶ ಕೊಡ್ತೀನಿ. ಅದರಲ್ಲೂ ಹೀಗೇ ಆದ್ರೆ ಇಬ್ಬರೂ ವರ್ಷ ಪೂರ್ತಿ ಮತ್ತೆ ಓದಿ. ಒಂದು ಸಾವಿನ ಮನೆಗೆ ಹೋಗಿ, ಜನರ ನಡುವೆ ಕೂತು, ಕಣ್ಣಾರೆ ಕಂಡು ಬರೋ ಧೈರ್ಯ ಇದೆಯಾ ನಿನಗೆ?”

ತಲೆ ಆಡಿತು.

ಹೀಗಾಗಿ ಆ ಶನಿವಾರ ಕ್ವಾಜೊ ಒಂದು ಕಪ್ಪು ಅಂಗಿ ಎರವಲು ತೊಟ್ಟು, ಜೇಬಿನಲ್ಲಿ ಅಳತೆ ಪಟ್ಟಿ ಇಟ್ಟುಕೊಂಡು, ಟ್ರೊಟ್ರೊ ವ್ಯಾನು ಹತ್ತಿ ತಾಫೊ ಬಡಾವಣೆಗೆ ಬಂದಿಳಿದ. ಅಲ್ಲಿ ಜಾಬಾ ಎಂಬ ಹಿರಿಯ ತೀರಿಕೊಂಡು ವಾರವಾಗಿತ್ತು. ದೊಡ್ಡ ಸಂಸ್ಕಾರದ ದಿನ ಗೊತ್ತುಮಾಡುವುದಕ್ಕೆ ನೆಂಟರಿಷ್ಟರು ಸೇರಿದ್ದರು. ಬೀದಿಗೆ ಅಡ್ಡಲಾಗಿ ಶಾಮಿಯಾನ, ಕಪ್ಪು ಕೆಂಪು ಬಟ್ಟೆಗಳ ಜನಸಾಗರ, ಎದೆ ನಡುಗಿಸುವ ಧ್ವನಿವರ್ಧಕ. ಕ್ವಾಜೊ ಶಾಮಿಯಾನದ ಕಂಬದಿಂದ ಕಂಬಕ್ಕೆ ಪಟ್ಟಿ ಹಿಡಿದ. ಕುರ್ಚಿ ಎಣಿಸಿದ. ಅಡುಗೆ ಒಲೆಯಿಂದ ಹೆಣ ಇಡುವ ಜಾಗಕ್ಕೆ ಎಷ್ಟು ದೂರ ಎಂದು ಅಳೆಯಲು ಮನೆಯ ಅಂಗಳಕ್ಕೇ ನುಗ್ಗಿದ. ಅಲ್ಲಿ ಒಬ್ಬ ಮುದುಕಿ ಮಣೆಯ ಮೇಲೆ ಕೂತು ಅವನನ್ನೇ ನೋಡುತ್ತಿದ್ದಳು. ಸತ್ತ ಜಾಬಾನ ತಂಗಿ, ಸಾರ್ಪೊಮಾ ಅಜ್ಜಿ.

“ಯಾರ ಮಗನಪ್ಪಾ ನೀನು?”

“ಅದನ್ನ ಹೇಳೋಕೆ ಸ್ವಲ್ಪ ಉದ್ದ ಆಗುತ್ತೆ ಅಜ್ಜಿ,” ಎಂದ ಕ್ವಾಜೊ. ಅವನ ಉದ್ದೇಶ ಒಳ್ಳೆಯದೇ. ತಾನು ಯಾರು, ಯಾಕೆ ಬಂದೆ ಎಂಬುದೆಲ್ಲ ಸೇರಿಸಿ ಹೇಳಬೇಕೆಂದು. ಆದರೆ ಸಾವಿನ ಮನೆಯಲ್ಲಿ, ಅದೂ ಯೌವನದಲ್ಲಿ ಕೋಕೋ ಲಾರಿ ಓಡಿಸಿಕೊಂಡು ದೇಶವೆಲ್ಲ ಸುತ್ತಿದ ಗಂಡಸಿನ ಸಾವಿನ ಮನೆಯಲ್ಲಿ, ಇಂಥ ಉತ್ತರ ಕೊಡಬಾರದು.

ಅಜ್ಜಿ ಮಣೆಯನ್ನು ಹತ್ತಿರ ಎಳೆದುಕೊಂಡಳು. “ಯಾಕೆ ಬಂದೆ?”

“ಅಜ್ಜ ಹೋದ ವಿಷಯ ಗೊತ್ತಾಯ್ತು. ಹೋಗಿ ಕಣ್ಣಾರೆ ನೋಡ್ಕೊಂಡು ಬಾ ಅಂದ್ರು.”

“ಯಾರಂದ್ರು? ನಿಮ್ಮಮ್ಮನಾ?”

ಪ್ರೊಫೆಸರ್ ಎಂಬ ಪದ ನಾಲಿಗೆಯ ತುದಿಗೆ ಬರುವಷ್ಟರಲ್ಲಿ ತಲೆ ಆಡಿತ್ತು.

“ಹುಟ್ಟಿದ್ದು ಯಾವ ವಾರ?”

“ಸೋಮವಾರ. ಕ್ವಾಜೊ ಅಂತ ಹೆಸರು.”

“ನಮ್ಮಣ್ಣನೂ ಕ್ವಾಜೊನೇ!” ಎಂದು ಅಜ್ಜಿ ಎದೆ ಹಿಡಿದುಕೊಂಡಳು. ಸೋಮವಾರ ಹುಟ್ಟಿದ ಗಂಡಸರೆಲ್ಲ ಕ್ವಾಜೊಗಳೇ, ಕುಮಾಸಿಯ ಬೀದಿಯಲ್ಲಿ ಕಲ್ಲೆಸೆದರೆ ಒಬ್ಬ ಕ್ವಾಜೊನಿಗೆ ತಗಲುತ್ತದೆ ಎಂಬ ವಿಷಯ ಆ ಭಾವಾವೇಶದಲ್ಲಿ ಯಾರಿಗೂ ಹೊಳೆಯಲಿಲ್ಲ. ಅಜ್ಜಿ ಎದ್ದು ಅವನ ಎರಡೂ ಕಿವಿ ಹಿಡಿದು ಬಿಸಿಲಿಗೆ ತಿರುಗಿಸಿದಳು. “ನಮ್ಮಣ್ಣನದೇ ಈ ಕಿವಿ! ಲೇ, ಎಲ್ಲಾ ಬರ್ರೋ ಇಲ್ಲಿ! ಈ ಕಿವಿ ನೋಡ್ರೋ!”

ಬಂದರು. ನೋಡಿದರು. ನೋಡಬೇಕು ಎಂದು ಬಂದವರಿಗೆ ಏನು ತಾನೇ ಕಾಣುವುದಿಲ್ಲ?

ಇಷ್ಟು ಸಂಭ್ರಮಕ್ಕೆ ಕಾರಣವೂ ಇತ್ತು. ಆ ಸೀಮೆಯದು ಅಳಿಯಸಂತಾನ. ಮನೆ, ತೋಟ ಎಲ್ಲ ತಂಗಿಯ ಮಕ್ಕಳಿಗೆ. ಹೆತ್ತ ಮಗನಿಗೆ ಆಸ್ತಿಯಿಲ್ಲ. ಮಗನಿಗೆ ಇರುವುದು ಒಂದೇ ಹಕ್ಕು, ಅಪ್ಪನಿಗೆ ಹೆಣದ ಪೆಟ್ಟಿಗೆ ಕೊಡಿಸುವುದು. ಜಾಬಾನಿಗೆ ಮಕ್ಕಳಿರಲಿಲ್ಲ. ಮಕ್ಕಳಿಲ್ಲದ ಮನುಷ್ಯನ ಪೆಟ್ಟಿಗೆ ಯಾರದು ಎಂದು ಬೆಳಗಿನಿಂದ ಮನೆತನದವರು ಕಿತ್ತಾಡಿ ಗಂಟಲು ಕಟ್ಟಿಕೊಂಡಿದ್ದರು. ಪಾಲು ಕೇಳದೆ ಭಾರ ಹೊರುವ ಮಗನೊಬ್ಬ ಅಳತೆ ಪಟ್ಟಿ ಸಮೇತ ಅಂಗಳದಲ್ಲಿ ಉದ್ಭವಿಸಿದರೆ ಯಾರು ಬೇಡವೆನ್ನುತ್ತಾರೆ?

“ಪಾಪ, ಪೆಟ್ಟಿಗೆಗೆ ಅಳತೆ ಕೂಡ ತಗೊಳ್ತಿದ್ದ,” ಎಂದು ಒಬ್ಬಳು ಸೊಸೆ ಕಣ್ಣೊರೆಸಿಕೊಂಡಳು.

ಮನೆತನದ ಯಜಮಾನ ನಾನಾ ಬೋಆತೆನ್ ಕರಿಯ ಬಟ್ಟೆಯನ್ನು ಹೆಗಲಿಗೇರಿಸಿಕೊಂಡು ಬಂದ. ಅಷ್ಟು ಗಂಭೀರ ಮನುಷ್ಯ ಹೊರಗಿನವರೊಡನೆ ನೇರವಾಗಿ ಮಾತಾಡುವವನಲ್ಲ. ಅವನ ಮಾತನ್ನು ಆಚೆಯವರಿಗೂ ಆಚೆಯವರ ಮಾತನ್ನು ಅವನಿಗೂ ಮುಟ್ಟಿಸಲು ಕೋಲು ಹಿಡಿದ ದುವೊಡು ಎಂಬ ಮಾತುಗಾರನಿದ್ದ. ಒರಟು ಮಾತು ದುವೊಡುವಿನ ಬಾಯಿಗೆ ಬಿದ್ದರೆ ರೇಷ್ಮೆ ಉಟ್ಟುಕೊಂಡು ಹೊರಗೆ ಬರುತ್ತಿತ್ತು.

“ಏನು ಮಾಡ್ಕೊಂಡಿದಾನೆ ಕೇಳು,” ಎಂದ ನಾನಾ.

“ನಾನಾ ಕೇಳ್ತಿದಾರೆ, ಮಗು, ಯಾವ ಮರದ ನೆರಳಲ್ಲಿ ನಿನ್ನ ದಿನ ಕಳೀತಿದೆ?”

“ಓದ್ತಿದೀನಿ,” ಎಂದ ಕ್ವಾಜೊ. ಧ್ವನಿವರ್ಧಕದವನು ಅದನ್ನು ಕೇಳಿಸಿಕೊಂಡು, “ಓದಿದ ಮಗ!” ಎಂದು ಬೀದಿಗೆಲ್ಲ ಸಾರಿದ. ಹೆಂಗಸರು ಬಿಳಿ ಕರವಸ್ತ್ರ ಬೀಸಿದರು. ಕ್ವಾಜೊನಿಗೆ ಈಗ ಅಳು ಬರುವಂತಾಯಿತು. “ಗುರುವಾರ ನಾನು ದೊಡ್ಡವರ ಮುಂದೆ ನಿಲ್ಲಬೇಕು. ಮೊದಲೇ ಒಂದು ತಪ್ಪು ಮಾಡಿದೀನಿ. ಈ ಸಲ ಅವರು ನನ್ನನ್ನ ಬಿಡಲ್ಲ. ಅದಕ್ಕೇ ಇಲ್ಲಿಗೆ ಬಂದೆ,” ಎಂದು ಬಿಕ್ಕುತ್ತ ನಿಜವನ್ನೇ ಹೇಳಿದ.

ನಾನಾ ಬೋಆತೆನ್ ಎದೆಯುಬ್ಬಿಸಿ, ಮಾತುಗಾರನನ್ನೂ ಮರೆತು, “ನಮ್ಮ ಹುಡುಗ ಪಂಚಾಯಿತಿ ಮುಂದೆ ಒಬ್ಬನೇ ನಿಲ್ಲೋದಾ?” ಎಂದು ಗುಡುಗಿದ.

ಆಮೇಲೆ ಕುಟ್ಟಿದ ಗೆಣಸಿನ ಮುದ್ದೆ ಫುಫು ಬಂತು, ಆಡಿನ ಸಾರು ಬಂತು. ಹೊಟ್ಟೆ ಬಿರಿಯುವ ಹಾಗೆ ತಿಂದು ಕ್ವಾಜೊ ಕಾಲೇಜಿಗೆ ಮರಳಿದ.

“ಕುರ್ಚಿ ಎಣಿಸಿಕೊಂಡು ಬಾ ಅಂದ್ರೆ ಅಪ್ಪನ್ನ ಎಣಿಸಿಕೊಂಡು ಬಂದಿದೀಯಲ್ಲೋ!” ಎಂದು ಎಸಿ ತಲೆ ಚಚ್ಚಿಕೊಂಡಳು. “ಚಾಲೆ ಮಾರಾಯಾ, ಒಬ್ಬ ಮನುಷ್ಯನಿಗೆ ಎಷ್ಟು ಅಪ್ಪಂದಿರು ಬೇಕು? ಹೋಗಿ ನಿಜ ಹೇಳಿ ಬಾ, ನಡಿ.”

ಹೋದ. ಬಂದ. ಹೋಗುವಾಗ ಬಾಯಲ್ಲಿ ಒಂದು ಸಿದ್ಧಪಡಿಸಿದ ಮಾತಿತ್ತು. ಬರುವಾಗ ತಲೆಯ ಮೇಲೆ ಒಂದು ಮೂಟೆ ಗೆಣಸಿತ್ತು. “ಅಜ್ಜಿ, ನಾನು ನಿಮ್ಮವನಲ್ಲ” ಎಂದನಂತೆ. “ಇಷ್ಟು ವರ್ಷ ನಾವು ನಿನ್ನ ನೋಡ್ಕೊಳ್ಳಲಿಲ್ಲ, ಸಿಟ್ಟಿರುತ್ತೆ ಮಗಾ, ಬೈಯಿ, ಬೈದುಬಿಡು” ಎಂದು ಅಜ್ಜಿ ಅತ್ತಳಂತೆ. ಅಳುವವಳನ್ನು ಸಮಾಧಾನ ಮಾಡಲು ಕ್ವಾಜೊ ಅಡುಗೆ, ಆಸನ, ಬೀಗರ ಮರ್ಯಾದೆ ಎಂದು ಏನೇನೋ ಕೇಳಿದ. ಅವಳು ಅದಕ್ಕೆಲ್ಲ ಉತ್ತರ ಹೇಳಿ, ಗುರುವಾರ ಎಲ್ಲಿ, ಎಷ್ಟು ಹೊತ್ತಿಗೆ ಎಂದು ಕೇಳಿಕೊಂಡಳು. ಎಸಿ ಅದನ್ನೆಲ್ಲ ಹಾಳೆಗಿಳಿಸಿದಳು. ಹಾಳೆಗಳೇನೋ ಚೆನ್ನಾಗಿಯೇ ಬಂದವು.

“ಗುರುವಾರ ಪಾಸಾಗೋಣ,” ಎಂದಳು ಅವಳು. “ಆಮೇಲೆ ನೀನು ಯಾರ ಮಗ ಅಂತ ನಿಧಾನಕ್ಕೆ ತೀರ್ಮಾನ ಮಾಡೋಣ.”

ಗುರುವಾರ ಬಂತು. ಒಪ್ಪಿಸುವ ಕೋಣೆಯಲ್ಲಿ ಪ್ರೊಫೆಸರ್ ಅಡ್ಡಾಯಿ ನಡುವೆ, ಅಕ್ರಾದಿಂದ ಬಂದ ಎಳೆಯ ಅಧ್ಯಾಪಕಿ ಡಾಕ್ಟರ್ ಲ್ಯಾಂಪ್ಟಿ ಪಕ್ಕದಲ್ಲಿ, ಹಿಂದೆ ತರಗತಿಯ ಹುಡುಗರು ಬಲಿಪ್ರಾಣಿಗಳಂತೆ ಸಾಲಾಗಿ. ಕ್ವಾಜೊ ಮೊದಲ ಹಾಳೆಗೆ ಕೋಲು ತೋರಿಸಿ ಬಾಯಿ ತೆರೆದದ್ದಷ್ಟೇ. ಹೊರಗೆ ಬಸ್ಸು ನಿಂತ ಸದ್ದಾಯಿತು. ಬಾಗಿಲು ತೆರೆಯಿತು. ಮೊದಲು ಕೋಲು ಹಿಡಿದ ದುವೊಡು, ಅವನ ಹಿಂದೆ ನಾನಾ ಬೋಆತೆನ್, ಹಿಂದೆ ಸಾರ್ಪೊಮಾ ಅಜ್ಜಿ, ಅವಳ ಹಿಂದೆ ಕಪ್ಪು ಕೆಂಪು ಉಟ್ಟ ಇಡೀ ಮನೆತನ. ಒಬ್ಬ ಅಳಿಯನ ಕಂಕುಳಲ್ಲಿ ಜಿನ್ ಬಾಟಲಿ.

ಅವರು ಬಲಗಡೆಯಿಂದ ಶುರುಮಾಡಿ ಕೋಣೆಯಲ್ಲಿದ್ದ ಪ್ರತಿಯೊಬ್ಬರ ಕೈಕುಲುಕಿದರು. ಅಡ್ಡಾಯಿಯವರ ಕೈಯನ್ನೂ ಕುಲುಕಿದರು. ಗೋಡೆಗೆ ಒರಗಿದ್ದ ವಿದ್ಯುತ್ ರಿಪೇರಿಯವನ ಕೈಯನ್ನೂ ಬಿಡಲಿಲ್ಲ. ಆಮೇಲೆ ಹುಡುಗರನ್ನು ಎಬ್ಬಿಸಿ ಅವರ ಕುರ್ಚಿಗಳಲ್ಲಿ ಕೂತರು.

“ಏನಿದು? ಯಾರಿವರು?” ಎಂದರು ಅಡ್ಡಾಯಿ.

ದುವೊಡು ಎದ್ದು ಮರ್ಯಾದೆಗೆಂದು ಭುಜದ ಬಟ್ಟೆ ಇಳಿಸಿದ. “ಹಿರಿಯರೇ, ನಾವು ಬಂದದ್ದು ಕೆಡುಕಿಗಲ್ಲ. ನಮ್ಮ ಮಗು ಏನೋ ತಪ್ಪು ಮಾಡಿದೆಯಂತೆ. ತಪ್ಪು ಏನು ಅಂತ ನಮಗೆ ಗೊತ್ತಿಲ್ಲ, ಕೇಳೋದೂ ಇಲ್ಲ. ಮಗು ಮಡಿಲಲ್ಲಿ ಗಲೀಜು ಮಾಡಿದರೆ ತೊಡೆ ಕತ್ತರಿಸ್ತಾರಾ? ಈ ಬಾಟಲಿ ಇಟ್ಟು ಕ್ಷಮೆ ಬೇಡೋಕೆ ಬಂದಿದೀವಿ.”

“ಅಪೆಂಟೆಂಗ್, ಇವರು ನಿನ್ನ ಕಡೆಯವರಾ?”

ಕ್ವಾಜೊನ ತಲೆಯ ವಿಷಯ ಓದುಗರಿಗೆ ಗೊತ್ತೇ ಇದೆ.

“ಇದು ಕಾಲೇಜು!” ಎಂದು ಅಡ್ಡಾಯಿ ಮೇಜು ಗುದ್ದಿದರು. “ಇಲ್ಲಿ ಕ್ಷಮೆ ಗಿಮೆ ಇಲ್ಲ. ಹುಡುಗನ ಹೋದ ಸಲದ ಕೆಲಸ ಶುದ್ಧ ಕಸ! ಅವನಿಗೆ ಬುದ್ಧಿ ಇಲ್ಲ!”

ಎಲ್ಲರೂ ದುವೊಡುವಿನ ಕಡೆ ನೋಡಿದರು. ದುವೊಡು ನಾನಾ ಕಡೆ ತಿರುಗಿ ಕೋಲು ನೆಟ್ಟಗೆ ಮಾಡಿಕೊಂಡ. “ನಾನಾ, ಹಿರಿಯರು ಹೇಳ್ತಿದಾರೆ: ಹುಡುಗನ ಹೊಲಕ್ಕೆ ಗೊಬ್ಬರ ಚೆನ್ನಾಗಿ ಬಿದ್ದಿದೆ, ಬೀಜ ಬೀಳೋದೊಂದು ಬಾಕಿ.”

“ಹೌದೌದು,” ಎಂದು ಮನೆತನದವರು ತಲೆದೂಗಿದರು.

“ನಾನು ಹಾಗಂದೆನಾ?” ಎಂದು ಅಡ್ಡಾಯಿ ಹುಡುಗರ ಕಡೆ ನೋಡಿದರು. ಹುಡುಗರು ಹಾಗೇ ಅಂದಿರಿ ಎಂದರು. ಅವರಿಗೆ ಎಷ್ಟೋ ವರ್ಷಗಳಿಂದ ಇಂಥ ಮಾತುಗಾರ ಒಬ್ಬ ಬೇಕಾಗಿದ್ದ.

ಅಡ್ಡಾಯಿ ಎದ್ದು ನಿಂತು ಇವರನ್ನೆಲ್ಲ ಹೊರಗೆ ಕಳಿಸಬೇಕೆಂದು ಬೆರಳು ಎತ್ತಿದರು. ಬೆರಳಿನ ನೇರಕ್ಕೆ ಸಾರ್ಪೊಮಾ ಅಜ್ಜಿಯಿದ್ದಳು. “ನೀನು ಯಾರ ಮನೆಯವನಪ್ಪಾ? ಮಾಂಪಾಂಗಿನವರ ಮುಖ ಇದ್ದ ಹಾಗಿದೆ,” ಎಂದಳು. ಅಡ್ಡಾಯಿಯವರ ತಾಯಿಯ ಊರು ಮಾಂಪಾಂಗು. ತಾಯಿಯ ಊರಿನ ವಯಸ್ಸಾದ ಹೆಂಗಸಿಗೆ ಬೆರಳು ತೋರಿಸಿದ ಸುದ್ದಿ ಮಾಂಪಾಂಗು ಮುಟ್ಟಿದರೆ ಏನಾಗುತ್ತದೆಂಬುದು ಅವರ ಮುಖದ ಮೇಲೆ ಹಾದುಹೋಯಿತು. ಅವರು ಮೆಲ್ಲಗೆ ಬೆರಳು ಮಡಚಿಕೊಂಡು ಕೂತರು.

“ಮುಂದುವರಿಸು,” ಎಂದರು.

ಎಸಿ ಮುಂದುವರಿಸಿದಳು. ಅಡುಗೆಮನೆ ಇಲ್ಲಿ, ಆಸನಗಳು ಇಲ್ಲಿ, ಬೀಗರು ಇಲ್ಲಿ.

“ಅಡುಗೆಮನೆ ಬೀಗರ ಎದುರಿಗೇ ಯಾಕೆ?” ಎಂದು ಡಾಕ್ಟರ್ ಲ್ಯಾಂಪ್ಟಿ ಕೇಳಿದಳು. “ಹೊಗೆ ಬರಲ್ವಾ?”

“ಹೊಗೆ ಬಂದ್ರೆ ಬರಲಿ, ಕಣ್ಣಲ್ಲಿ ನೀರಾದ್ರೂ ಬರುತ್ತೆ,” ಎಂದಳು ಸಾರ್ಪೊಮಾ ಅಜ್ಜಿ. “ನಮ್ಮ ಬೀಗರಿಗೆ ತಾವಾಗೇ ಬರಲ್ಲ.”

“ಎದುರಿಗೆ ಬೇಡವೇ ಬೇಡ,” ಎಂದ ಬಾಟಲಿ ಹಿಡಿದ ಅಳಿಯ. “ಮಾಂಸ ಎಷ್ಟು ಬೆಂದಿದೆ ಅಂತ ಕಂಡುಬಿಡುತ್ತೆ.”

“ಕಾಣಲಿ! ಕಾಣಲಿ ಅಂತಾನೇ ಬೇಯಿಸೋದು!” ಎಂದಳು ಸೊಸೆ.

ಮನೆತನ ಎರಡು ಪಕ್ಷವಾಯಿತು. ಅಕ್ರಾದ ಲ್ಯಾಂಪ್ಟಿ, ನಮ್ಮ ಕಡೆ ಹೀಗಿಲ್ಲ ಎಂದು ಮೂರನೆಯ ಪಕ್ಷ ಕಟ್ಟಿದಳು. ಹಿಂದಿನ ಸಾಲಿನ ಹುಡುಗರು ತಂತಮ್ಮ ಊರಿನ ಪದ್ಧತಿಗಳನ್ನು ಕೂಗಿದರು. ಅಡ್ಡಾಯಿ ತಡೆದುಕೊಂಡರು, ತಡೆದುಕೊಂಡರು, ಕಡೆಗೆ ತಡೆಯಲಾಗಲಿಲ್ಲ.

“ಮಾತುಗಾರ,” ಎಂದರು, ಗಂಟಲು ಸರಿಮಾಡಿಕೊಂಡು, ಬಟ್ಟೆಯಿಲ್ಲದ ಹೆಗಲ ಮೇಲೆ ಬಟ್ಟೆ ಸರಿಪಡಿಸುವಂತೆ ಕೈಯಾಡಿಸಿ. “ನಾನಾ ಅವರಿಗೆ ಹೇಳು. ನಮ್ಮ ಸೋದರಮಾವನ ಸಂಸ್ಕಾರದಲ್ಲಿ ಅಡುಗೆ ಹಿತ್ತಲಲ್ಲೇ ಆಗಿದ್ದು.”

“ನಾನಾ, ಹಿರಿಯರು ಹೇಳ್ತಿದಾರೆ, ಮಾಂಪಾಂಗಿನ ಚಿರತೆ ಮಲಗಿದಾಗ...”

“ಚಿರತೆ ಗಿರತೆ ಬೇಡ, ಹಿತ್ತಲು ಅನ್ನು!”

ಅಲ್ಲಿಂದ ಮುಂದೆ ನಡೆದದ್ದನ್ನು ಆ ಕಾಲೇಜಿನ ಹುಡುಗರು ಈಗಲೂ ನಟಿಸಿ ತೋರಿಸುತ್ತಾರೆ. ಅಡ್ಡಾಯಿ ಕುರ್ಚಿ ಬಿಟ್ಟು ಹಾಳೆಯ ಬಳಿಗೆ ಬಂದರು. ಮೂಗು ತಾಗುವಷ್ಟು ಹತ್ತಿರದಿಂದ ನೋಡಿದರು. “ಅಪೆಂಟೆಂಗ್, ಇಲ್ಲಿ ಬಾ. ಕುರ್ಚಿಗಳನ್ನ ಚೆನ್ನಾಗಿ ಎಣಿಸಿದ್ದೀಯ. ಆದರೆ ಸಂಸ್ಕಾರದಲ್ಲಿ ಜನ ಕುರ್ಚಿ ಮೇಲೆ ಎಷ್ಟು ಹೊತ್ತು ಕೂತಿರ್ತಾರೆ? ಒಬ್ಬ ಬಂದ, ಸುತ್ತಿ ಎಲ್ಲರ ಕೈಕುಲುಕಿದ. ಅವನು ಕೂತ ಮೇಲೆ ಕೂತಿದ್ದವರು ಎದ್ದು ಬಂದು ಅವನ ಕೈಕುಲುಕಿದರು. ಅಷ್ಟರಲ್ಲಿ ಇನ್ನೊಂದು ಗುಂಪು ಬಂತು. ಇಡೀ ದಿನ ಸುತ್ತೋದೇ! ಸುತ್ತೋಕೆ ದಾರಿ ಎಲ್ಲಿಟ್ಟಿದ್ದೀಯ?”

ಕ್ವಾಜೊ ಹಾಳೆ ನೋಡಿದ. ದಾರಿ ಇರಲಿಲ್ಲ. ತಲೆ ಆಡಲಿಲ್ಲ; ಮೊದಲ ಬಾರಿಗೆ ಮಾತು ನೇರ ಮಿದುಳಿಗೆ ಹೋಗಿತ್ತು. “ಹೌದಲ್ಲ ಸರ್,” ಎಂದ. “ಈ ಕುರ್ಚಿ ಇಲ್ಲಿದ್ರೆ ಎದುರುಬದುರು ಬಂದವರು ಸಿಕ್ಕಿಹಾಕ್ಕೊಳ್ತಾರೆ.”

“ಸಿಕ್ಕಿಹಾಕ್ಕೊಳ್ತಾರೋ ಇಲ್ವೋ ನೋಡೇಬಿಡೋಣ. ಎಲ್ಲಾ ಎದ್ದೇಳಿ! ಹುಡುಗರು ಬಂದವರು, ಇವರು ಮನೆಯವರು. ಅಪೆಂಟೆಂಗ್, ನೀನು ನಡುವೆ ನಿಲ್ಲು, ನೀನೇ ಹೆಣದ ಮಗ. ಸುತ್ತಿ!”

ಸುತ್ತಿದರು. ಮೇಜುಗಳ ನಡುವೆ ಕಪ್ಪು ಕೆಂಪು ಬಟ್ಟೆಗಳು, ಹುಡುಗರ ಬೆನ್ನುಚೀಲಗಳು, ಮಾತುಗಾರನ ಕೋಲು. ರೂಢಿಯ ಬಲದಿಂದ ಒಬ್ಬಿಬ್ಬರು ಹೆಂಗಸರು ಶೋಕದ ಹಾಡನ್ನೂ ಎತ್ತಿದರು. ಸರಿಯಾಗಿ ಕಿಟಕಿಯ ಬಳಿ, ಕ್ವಾಜೊ ತೋರಿಸಿದ ಜಾಗದಲ್ಲೇ, ಎರಡು ಸಾಲುಗಳು ಸಿಕ್ಕಿಹಾಕಿಕೊಂಡು ನಿಂತವು. ಒಬ್ಬೊಬ್ಬರಾಗಿ ನುಸುಳಿ ಬಂದು ಕ್ವಾಜೊನ ಕೈ ಹಿಡಿದು “ಸಮಾಧಾನ ಮಾಡ್ಕೊ” ಎಂದು ಹೋಗುತ್ತಿದ್ದರು.

ಆಗ ಬಾಗಿಲಲ್ಲಿ ಅವನ ತಾಯಿ ತಿವಾ ಕಾಣಿಸಿಕೊಂಡಳು.

ಕೆಜೆತಿಯಾ ಮಾರುಕಟ್ಟೆಯ ಬಟ್ಟೆ ವ್ಯಾಪಾರಿ ಅವಳು. ಅಲ್ಲಿ ಆ ದಿನ ಬೆಳಗ್ಗೆ ಪಕ್ಕದ ಅಂಗಡಿಯವಳು, “ತಾಫೊದ ಜಾಬಾ ನಿನಗೆ ಅಷ್ಟು ಬೇಕಾದವನು ಅಂತ ಗೊತ್ತೇ ಇರಲಿಲ್ಲ ಕಣೇ,” ಎಂದು ಹಲ್ಲು ಕಿರಿದಿದ್ದಳು. ತಿವಾ ಗಂಡನ ಕೈ ಹಿಡಿದೆಳೆದುಕೊಂಡು ಕಾಲೇಜಿಗೆ ಧಾವಿಸಿದ್ದಳು. ಬರುವ ದಾರಿಯುದ್ದಕ್ಕೂ ಬೈಗುಳಗಳನ್ನು ಸಾಣೆ ಹಿಡಿದುಕೊಂಡಿದ್ದಳು. ಬಾಗಿಲು ತೆಗೆದರೆ ಕಂಡದ್ದು ಶೋಕದ ಬಟ್ಟೆ, ಕೈಕುಲುಕುವ ಸಾಲು, ಹಾಡು. ಕಾಣದೆ ಹೋದದ್ದು ಗುಂಪಿನ ನಡುವೆ ಮರೆಯಾಗಿದ್ದ ಮಗ.

“ಅಯ್ಯೋ! ನನ್ನ ಮಗನೇ! ನನ್ನ ಕ್ವಾಜೊ! ಹೋಗಿಬಿಟ್ಟೆಯಾ!” ಎಂದು ಅವಳು ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಕೂಗಿದಳು.

ಸಾಲು ಅವಳ ಕಡೆ ತಿರುಗಿತು. ಮುಂದಿದ್ದ ಹುಡುಗ ಏನೂ ತಿಳಿಯದೆ ಅವಳ ಕೈಕುಲುಕಿ, “ಸಮಾಧಾನ ಮಾಡ್ಕೊಳ್ಳಿ ಅಮ್ಮಾ,” ಎಂದ.

“ಅಮ್ಮಾ, ಇಲ್ಲಿದೀನಿ!” ಎಂದು ಕ್ವಾಜೊ ನುಗ್ಗಿಬಂದ.

ತಿವಾ ಮಗನನ್ನು ಬಾಚಿ ತಬ್ಬಿಕೊಂಡಳು. ಮುಖ ಸವರಿದಳು. ಬದುಕಿದ್ದಾನೆಂದು ಖಾತ್ರಿಯಾದ ಮರುಕ್ಷಣವೇ ಕಾಲಿನ ಚಪ್ಪಲಿ ಕೈಗೆ ಬಂತು. “ಬದುಕಿದೀಯಾ? ಹಾಗಾದ್ರೆ ಈಗ ಸಾಯಿ! ನಿಮ್ಮಮ್ಮನ ಮಾನ ತಾಫೊದಲ್ಲಿ ಹರಾಜು ಹಾಕ್ತೀಯಾ? ಯಾವನೋ ಅವನು ಜಾಬಾ? ಅವನ ಮುಖ ನಾನು ಈ ಜನ್ಮದಲ್ಲಿ ಕಂಡಿಲ್ಲ!”

“ಎಲ್ಲರೂ ಹಾಗೇ ಹೇಳೋದು, ತಪ್ಪೇನಿಲ್ಲ ತಾಯಿ,” ಎಂದಳು ಸಾರ್ಪೊಮಾ ಅಜ್ಜಿ, ಬಹಳ ಸಹಾನುಭೂತಿಯಿಂದ.

ತಿವಾಳ ಚಪ್ಪಲಿ ಈಗ ಅಜ್ಜಿಯ ಕಡೆ ತಿರುಗಿತು. ಅಷ್ಟರಲ್ಲಿ ಕ್ವಾಜೊ ನಡುವೆ ಬಂದು ನಿಂತ. ತಲೆಯನ್ನು ಎರಡು ಕೈಯಿಂದ ಹಿಡಿದುಕೊಂಡು, ಅದು ಆಡದ ಹಾಗೆ ನೋಡಿಕೊಂಡು, ಹೇಳಿದ. “ನಾನಾ, ಅಜ್ಜಿ, ನಾನು ಜಾಬಾ ಅಜ್ಜನ ಮಗ ಅಲ್ಲ. ಕುರ್ಚಿ ಎಣಿಸೋಕೆ ಬಂದಿದ್ದೆ. ನೀವು ಕೇಳಿದ್ದಕ್ಕೆಲ್ಲ ತಲೆ ಆಡಿಸ್ಬಿಟ್ಟೆ. ನಿಮ್ಮ ಊಟ ಮಾಡಿ ನಿಮಗೇ ಮೋಸ ಮಾಡಿದ ಹಾಗಾಯ್ತು. ನಮ್ಮಪ್ಪ ಅಲ್ಲಿದಾರೆ ನೋಡಿ.”

ದುವೊಡು ಇದನ್ನು ರೇಷ್ಮೆ ಉಡಿಸಿ ನಾನಾಗೆ ಮುಟ್ಟಿಸಲು ಬಾಯಿ ತೆರೆದು, ಏನೂ ತೋಚದೆ ಮುಚ್ಚಿದ. ಸೊಸೆ ಕರವಸ್ತ್ರ ಮಡಚಿದಳು. ನಾನಾ ಬೋಆತೆನ್ ನೆಲ ನೋಡಿದ. ಪೆಟ್ಟಿಗೆ ಕೊಡುವ ಮಗನಿಲ್ಲದೆ ಹೋದ ಜಾಬಾ ಎರಡನೆಯ ಸಲ ಸತ್ತ ಹಾಗಿತ್ತು.

ಎಲ್ಲರ ಕಣ್ಣು ಬಾಗಿಲಿಗೆ ಹೋಯಿತು. ಅಲ್ಲಿ ಮರದ ಪುಡಿ ಮೆತ್ತಿದ ಅಂಗಿಯಲ್ಲಿ ಅಪೆಂಟೆಂಗ್ ಹಿರಿಯ ನಿಂತಿದ್ದ. ಅನ್ಲೋಗದಲ್ಲಿ ಬಡಗಿ. ಇಷ್ಟೆಲ್ಲ ಮಾತಾಡುವ ಹೆಂಡತಿ ಇರುವಾಗ ತಾನೂ ಮಾತಾಡಿ ದಣಿಯುವುದೇಕೆಂದು ಸುಮ್ಮನಿರುವ ಅಭ್ಯಾಸದವನು.

ಸಾರ್ಪೊಮಾ ಅಜ್ಜಿ ನಿಧಾನವಾಗಿ ಎದ್ದು ಹೋಗಿ ಅವನ ಕಿವಿ ಹಿಡಿದಳು.

“ಹಾಗಾದ್ರೆ,” ಎಂದಳು, “ಮಗ ಇವನು!”

“ಅಜ್ಜಿ!” ಎಂದು ನಾನಾ ಬೋಆತೆನ್ ನೇರವಾಗಿಯೇ ಕೂಗಿದ.

“ನಮ್ಮಮ್ಮ ಸುನ್ಯಾನಿ ಬಿಟ್ಟು ಆಚೆ ಕಾಲಿಟ್ಟವಳಲ್ಲಮ್ಮ,” ಎಂದ ಬಡಗಿ.

“ಜಾಬಾ ಲಾರಿ ಓಡಿಸ್ತಿದ್ದಿದ್ದೇ ಸುನ್ಯಾನಿಗೆ!”

ತಿವಾ ನಕ್ಕಳು. ತನ್ನ ಮಾನ ಉಳಿಯಿತು, ಹೋದರೆ ಅತ್ತೆಯದು ಹೋಯಿತು ಎಂಬ ಶುದ್ಧ ಆನಂದದ ನಗು. ಚಪ್ಪಲಿ ಕೈಯಲ್ಲೇ ಇತ್ತು, ಅದರಿಂದಲೇ ಗಂಡನ ತೋಳಿಗೆ ತಟ್ಟಿ, “ಹೇಳ್ರೀ, ಏನಾದ್ರೂ ಹೇಳ್ರೀ!” ಎಂದು ನಕ್ಕಳು. ನಗು ಎಸಿಗೆ ಹತ್ತಿತು, ಹುಡುಗರಿಗೆ ಹತ್ತಿತು, ಕಡೆಗೆ ಅಡ್ಡಾಯಿಯವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಬಡಗಿ ಅಪೆಂಟೆಂಗ್ ನಗು ಇಳಿಯುವವರೆಗೆ ಕಾದ. “ಹೌದೋ ಅಲ್ವೋ, ನಮ್ಮಮ್ಮ ಈಗಿಲ್ಲ, ಕೇಳೋ ಹಾಗಿಲ್ಲ. ಇದ್ದಿದ್ರೂ ಕೇಳೋ ಧೈರ್ಯ ನನಗಿರಲಿಲ್ಲ,” ಎಂದ. “ಆದ್ರೆ ಹುಡುಗ ಆ ಮನೇಲಿ ಮಗ ಅನ್ನಿಸ್ಕೊಂಡು ಉಂಡಿದಾನೆ. ಉಂಡ ಮೇಲೆ ಕೈ ಕೊಡವಿ ಬರೋಕಾಗಲ್ಲ. ಪೆಟ್ಟಿಗೆ ನಾನು ಮಾಡ್ಕೊಡ್ತೀನಿ. ಒಳ್ಳೆ ಒಡುಮ್ ಮರ ಇದೆ ನನ್ನ ಹತ್ರ. ಅಪ್ಪ ಮಗ ಸೇರಿ ಮಾಡ್ತೀವಿ.”

ನಾನಾ ಬೋಆತೆನ್ ಹೆಗಲ ಬಟ್ಟೆ ಸೊಂಟಕ್ಕಿಳಿಸಿ, ದೊಡ್ಡವರ ಮುಂದೆ ಮಾತ್ರ ಮಾಡುವ ಹಾಗೆ, ಬಡಗಿಯ ಮುಂದೆ ತಲೆ ಬಾಗಿಸಿದ. ಸಾರ್ಪೊಮಾ ಅಜ್ಜಿ ಈ ಸಲ ಸದ್ದಿಲ್ಲದೆ ಅತ್ತಳು.

“ಹಿರಿಯರೇ,” ಎಂದ ದುವೊಡು ಅಡ್ಡಾಯಿಯವರ ಕಡೆ ತಿರುಗಿ, “ನಾವು ಬಂದ ಕೆಲಸ ಉಳಿದೇಹೋಯ್ತು. ಹುಡುಗನ ತಪ್ಪು?”

ಅಡ್ಡಾಯಿ ಹಾಳೆಗಳನ್ನು ಮತ್ತೊಮ್ಮೆ ನೋಡಿದರು. “ನಾನಾಗೆ ಹೇಳು. ವಿಚಾರಿಸಿಕೊಂಡು ಬಾ ಅಂದದ್ದಕ್ಕೆ ಇಷ್ಟು ಆಳಕ್ಕಿಳಿದವನನ್ನ ನಾನು ಕಂಡಿಲ್ಲ. ಸುತ್ತೋ ದಾರಿ ಸೇರಿಸಿ, ಅಡುಗೆಮನೆ ಹಿತ್ತಲಿಗೆ ಹಾಕಿ, ಇಬ್ಬರೂ ಹಾಳೆಗಳನ್ನ ತಿದ್ದಿ ತರಬೇಕು. ತಂದ್ರೆ ಮುಂದಿನ ತರಗತಿಗೆ ಹೋಗ್ತಾರೆ.”

ದುವೊಡು ಕೋಲು ನೆಟ್ಟಗೆ ಮಾಡಿಕೊಂಡ. ಕೋಣೆಯೆಲ್ಲ ಕಿವಿಯಾಯಿತು. ಅವನು ಎಂಥ ಗಾದೆ ಹೂಡುತ್ತಾನೋ ಎಂದು ಅಡ್ಡಾಯಿಯವರೂ ಕಾದರು.

“ಪಾಸಂತೆ,” ಎಂದ ದುವೊಡು.

ಬಾಟಲಿ ಅಲ್ಲೇ ತೆರೆಯಿತು. ಕಾಲೇಜಿನ ಆವರಣದಲ್ಲಿ ಮದ್ಯ ನಿಷೇಧವಾದ್ದರಿಂದ ನೆಲಕ್ಕೆ ಹಿರಿಯರ ಹೆಸರಿನಲ್ಲಿ ನಾಲ್ಕು ಹನಿ ಮಾತ್ರ ಬಿಟ್ಟರು ಎಂದು ಅಧಿಕೃತವಾಗಿ ಹೇಳಲಾಗಿದೆ.

ಜಾಬಾನ ಸಂಸ್ಕಾರದ ದಿನ ತಾಫೊದಲ್ಲಿ ಸೇರಿದಂಥ ಗುಂಪನ್ನು ಯಾರೂ ಕಂಡಿರಲಿಲ್ಲ. ಒಡುಮ್ ಮರದ ಪೆಟ್ಟಿಗೆಯ ಮುಂಭಾಗವನ್ನು ಬಡಗಿ ಹೊತ್ತಿದ್ದ, ಹಿಂಭಾಗವನ್ನು ಕ್ವಾಜೊ. ಮಕ್ಕಳಿಲ್ಲದ ಮನುಷ್ಯನ ಹೆಣದ ಹಿಂದೆ ಮಕ್ಕಳ ಸಾಲಿನಲ್ಲಿ ಇಡೀ ಮೂರನೆಯ ವರ್ಷದ ತರಗತಿ ಕಪ್ಪು ಕೆಂಪು ಉಟ್ಟು ನಡೆಯಿತು. ಎಸಿ ಡೊಳ್ಳಿನವರ ಮುಂದೆ ಕುಣಿದಳು. ಡಾಕ್ಟರ್ ಲ್ಯಾಂಪ್ಟಿ ಅಡುಗೆಯವರೊಡನೆ ಜಗಳವಾಡಿದಳು. ಪ್ರೊಫೆಸರ್ ಅಡ್ಡಾಯಿ ನಾನಾ ಪಕ್ಕದಲ್ಲಿ ಕೂತು ಮಾಂಪಾಂಗಿನ ನೆಂಟಸ್ತಿಕೆ ಹುಡುಕುತ್ತಿದ್ದರು.

ದೂರದೂರಿನಿಂದ ಬಂದಿದ್ದ ಒಬ್ಬ ಹೆಂಗಸು ಕ್ವಾಜೊನನ್ನೇ ನೋಡುತ್ತ, ಪಕ್ಕದಲ್ಲಿ ಕೂತಿದ್ದ ತಿವಾಳ ಮೊಣಕೈ ತಟ್ಟಿದಳು. “ಅಕ್ಕಾ, ಆ ಹುಡುಗ ಸತ್ತವರಿಗೆ ಏನಾಗ್ಬೇಕು?”

ತಿವಾ ತನ್ನ ಮಗನನ್ನು ನೋಡಿದಳು. ಅವನು ಬೆವರು ಒರೆಸಿಕೊಳ್ಳುತ್ತ, ಬಂದವರ ಸಾಲಿಗೆ ದಾರಿ ಬಿಡಿಸುತ್ತ, ಸಾರ್ಪೊಮಾ ಅಜ್ಜಿಯ ಕೈಹಿಡಿದು ನಡೆಸಿಕೊಂಡು ಬರುತ್ತಿದ್ದ.

“ಮಗ ಕಣಮ್ಮಾ, ಮಗ,” ಎಂದಳು ತಿವಾ, ಹೆಮ್ಮೆಯಿಂದ. ಹೆಂಗಸಿನ ಕಣ್ಣು ಹುಡುಗನಿಂದ ತಿವಾಳ ಮುಖಕ್ಕೆ ಜಾರಿತು. ತಕ್ಷಣ ತಿವಾ ಬೆರಳು ಎತ್ತಿದಳು. “ಆದ್ರೆ ನನ್ನ ಮುಖ ಯಾಕೆ ಹಾಗೆ ನೋಡ್ತೀಯಾ?”